ಎದೆ ಒಪ್ಪಿದಷ್ಟು ಪೆಡಲ್

ಹಾರ್ಟ್ ಅಟ್ಯಾಕ್ ಆದವನು ಮತ್ತೆ ಸೈಕಲ್ ಹತ್ತುತ್ತಾನೆ ಅಂದ್ರೆ ನಮ್ಮ ಮೈಸೂರಲ್ಲಿ ಎರಡು ಥರದ ಮಾತು ಕೇಳಿಸುತ್ತೆ. "ಯಾಕಪ್ಪಾ ಬೇಕು ಇದೆಲ್ಲ, ಸುಮ್ನೆ ಮನೇಲಿರು" ಅನ್ನೋದು ಒಂದು. "ಅಷ್ಟು ಸೈಕಲ್ ಹೊಡೆದ್ರೂ ಬಂತಲ್ಲ, ಏನು ಪ್ರಯೋಜನ?" ಅನ್ನೋದು ಇನ್ನೊಂದು. ಮೊದಲನೆಯದು ನಮ್ಮಮ್ಮನದು, ಎರಡನೆಯದು ಆಫೀಸಿನ ಗೆಳೆಯನದು.

ಅಮ್ಮನ ಭಯಕ್ಕೆ ಕಾರಣ ಇದೆ. ಅಪ್ಪ 52ಕ್ಕೆ ಹೃದಯದ ತೊಂದರೆಯಿಂದಲೇ ಹೋದರು. 2021ರ ಅಕ್ಟೋಬರ್‌ನಲ್ಲಿ ಅಪ್ಪು 46ನೇ ವಯಸ್ಸಿಗೇ ತೀರಿಕೊಂಡ ಮೇಲಂತೂ 'ವ್ಯಾಯಾಮ' ಅಂದ್ರೇ ಬೆಚ್ಚಿಬೀಳೋ ಮನೆಗಳಲ್ಲಿ ನಮ್ಮದೂ ಒಂದು. ನನಗೆ ಸ್ಟೆಂಟ್ ಬಿದ್ದಾಗ ವಯಸ್ಸು 38. ಆಸ್ಪತ್ರೆಯಿಂದ ಬಂದಾಗ ಸೈಕಲ್ ಪಂಪು ಅಕ್ಕಿ ಡಬ್ಬದ ಹಿಂದೆ ಸೇರಿಕೊಂಡಿತ್ತು.

ಡಾಕ್ಟರು ಬೇಡ ಅನ್ನಲಿಲ್ಲ, ಕಾಯಿ ಅಂದರು. ಅಟ್ಯಾಕಿನಲ್ಲಿ ಸತ್ತುಹೋದ ಮಾಂಸಖಂಡದ ಜಾಗದಲ್ಲಿ ಗಟ್ಟಿ ಕಲೆ ಕಟ್ಟೋಕೆ ಕೆಲವು ವಾರ ಬೇಕಂತೆ. ಅಲ್ಲೀವರೆಗೆ ನಡಿಗೆ ಮಾತ್ರ: ಮೊದಲು ಮನೆಯೊಳಗೆ, ಆಮೇಲೆ ಬೀದಿಯ ಕೊನೆವರೆಗೆ, ಆಮೇಲೆ ಕುಕ್ಕರಹಳ್ಳಿ ಕೆರೆ. ಆರು ವಾರದ ಮೇಲೆ ಎಕೋ ಮಾಡಿದಾಗ ಹೃದಯದ ಪಂಪಿಂಗ್ ಶೇ 50 ಅಂತ ಬಂತು. ಅದನ್ನ ಓದಿದ ಅಮ್ಮ, ಅರ್ಧ ಹೃದಯವೇ ಹೋಯಿತು ಅಂದುಕೊಂಡು ಅತ್ತರು. ಹಾಗಲ್ಲ. ಆರೋಗ್ಯವಾಗಿರೋ ಹೃದಯವೂ ಪ್ರತಿ ಬಡಿತಕ್ಕೆ ತನ್ನಲ್ಲಿರೋ ರಕ್ತದ ಸುಮಾರು ಶೇ 55ರಿಂದ 70ರಷ್ಟನ್ನು ಮಾತ್ರ ಹೊರಗೆ ತಳ್ಳುತ್ತೆ. ಟ್ರೆಡ್‌ಮಿಲ್ ಟೆಸ್ಟೂ ಪಾಸಾದ ಮೇಲೆ ಅಪ್ಪಣೆ ಸಿಕ್ಕಿತು: ಸಮತಟ್ಟು ರಸ್ತೆ, 15 ನಿಮಿಷ, ಒಬ್ಬನೇ ಹೋಗಬಾರದು.

ಅಮ್ಮನನ್ನ ಒಪ್ಪಿಸೋಕೆ ನಾನು ಹೇಳಿದ್ದು ಐಸೆನ್‌ಹೋವರ್ ಕಥೆ. 1955ರಲ್ಲಿ ಅಮೆರಿಕದ ಆ ಅಧ್ಯಕ್ಷರಿಗೆ ಹೃದಯಾಘಾತ ಆಯಿತು. ಆಗ ಇಂಥವರನ್ನ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಿಸ್ತಿರಲಿಲ್ಲ. ಅವರನ್ನ ನೋಡಿಕೊಂಡ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಸ್ವತಃ ಸೈಕಲ್ ಪ್ರಿಯರು, ಹೃದಯಕ್ಕೆ ಓಡಾಟ ಬೇಕು ಅಂತ ಸಾರಿದವರು. ಬಾಸ್ಟನ್ನಿನ ಚಾರ್ಲ್ಸ್ ನದಿಯ ದಂಡೆಯಲ್ಲಿರೋ ಸೈಕಲ್ ದಾರಿಗೆ ಇವತ್ತಿಗೂ ಅವರದೇ ಹೆಸರು. ಐಸೆನ್‌ಹೋವರ್ ಮರುವರ್ಷ ಮತ್ತೆ ಚುನಾವಣೆ ಗೆದ್ದರು. ಅಮ್ಮನಿಗೆ ಚುನಾವಣೆ ಗೆದ್ದಿದ್ದು ಹಿಡಿಸಿತು. ಪಂಪು ಹೊರಗೆ ಬಂತು.

ಸ್ಮಾರ್ಟ್‌ವಾಚ್ ಕಟ್ಟಿಕೊಂಡಿರೋ ನಮ್ಮಂಥವರಿಗೆ ಒಂದು ಮಾತು. 220ರಲ್ಲಿ ವಯಸ್ಸು ಕಳೆದು ಗರಿಷ್ಠ ಬಡಿತ ಲೆಕ್ಕ ಹಾಕ್ತೀವಲ್ಲ, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ ತಗೊಳ್ತಿದ್ರೆ ಆ ಲೆಕ್ಕ ಕೆಲಸಕ್ಕೆ ಬರಲ್ಲ. ಮಾತ್ರೆ ಬಡಿತವನ್ನೇ ಹಿಡಿದಿಟ್ಟಿರುತ್ತೆ. ಏದುಸಿರು ಬಿಡ್ತಿದ್ರೂ ನನ್ನ ವಾಚು 110 ದಾಟ್ತಿರಲಿಲ್ಲ, 'ಇನ್ನೂ ಜೋರಾಗಿ' ಅಂತ ಬೇರೆ ಹುರಿದುಂಬಿಸ್ತಿತ್ತು! ಬಿಚ್ಚಿ ಡ್ರಾಯರ್‌ಗೆ ಹಾಕಿದೆ. ಡಾಕ್ಟರು ಹೇಳಿಕೊಟ್ಟ ಅಳತೆ ಇನ್ನೂ ಸುಲಭ. ತುಳೀತಾ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮಾತೇ ತುಂಡಾಗ್ತಿದ್ರೆ ನಿಧಾನ ಮಾಡಬೇಕು.

ಇದಕ್ಕೆ ನನ್ನ ಹೆಂಡತಿ ತನ್ನ ಹಳೇ ಲೇಡಿಬರ್ಡ್ ತೆಗೆದಳು. ಪಕ್ಕದಲ್ಲೇ ಬರ್ತಾಳೆ, ಪ್ರಶ್ನೆ ಕೇಳ್ತಾನೇ ಇರ್ತಾಳೆ. ಕರೆಂಟ್ ಬಿಲ್ ಕಟ್ಟಿದ್ರಾ, ಮಗಳ ಸ್ಕೂಲ್ ಫೀಸು ಯಾವಾಗ, ಹೀಗೆ. ಉತ್ತರ ತಡವಾದ್ರೆ ಅವಳೇ ಬ್ರೇಕ್ ಹಾಕ್ತಾಳೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿದ್ದು ಈಗಲೇ ಇರಬೇಕು.

ಭಯ ಹೋಗಿದೆ ಅಂತ ಮಾತ್ರ ಹೇಳಲ್ಲ. ಎರಡನೇ ವಾರ ಲಲಿತಮಹಲ್ ರಸ್ತೆಯಲ್ಲಿ ಎಡಭಾಗದ ಎದೆ ಚುಳ್ ಅಂತು. ನಿಲ್ಲಿಸಿ ಫುಟ್‌ಪಾತ್ ಮೇಲೆ ಕೂತೆವು. ಅವಳ ಕೈ ನಡುಗ್ತಿತ್ತು, ನನ್ನ ಜೇಬಲ್ಲಿ ನಾಲಿಗೆ ಕೆಳಗಿಡೋ ಮಾತ್ರೆ ಇತ್ತು. ಅದನ್ನ ಕೂತೇ ತಗೋಬೇಕು, ಬಿಪಿ ಇಳಿದು ತಲೆ ಸುತ್ತಬಹುದು. ಐದು ನಿಮಿಷದಲ್ಲಿ ನೋವು ಇಳೀದಿದ್ರೆ 108ಕ್ಕೆ ಫೋನ್ ಅಂತ ನಮ್ಮಿಬ್ಬರಲ್ಲೇ ಒಪ್ಪಂದ. ಮಾತ್ರೆ ತೆಗೆಯೋದರೊಳಗೆ ನೋವು ಹೋಯಿತು. ಅವತ್ತೇ ಹೋಗಿ ಇಸಿಜಿ ಮಾಡಿಸಿದ್ವಿ, ಹ್ಯಾಂಡಲ್ ಮೇಲೆ ಬಗ್ಗಿದ್ದಕ್ಕೆ ಬಂದ ಮಾಂಸಖಂಡದ ನೋವು ಅಂದರು. ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ಎರಡು ದಿನ ಬಿಟ್ಟು ಅವಳೇ "ಬನ್ರೀ, ಹೋಗೋಣ" ಅಂದಳು.

ಸಣ್ಣಪುಟ್ಟ ಶಿಸ್ತುಗಳು ಸೇರಿಕೊಂಡಿವೆ. ಮೊದಲ ಹತ್ತು ನಿಮಿಷ ತೀರಾ ನಿಧಾನ. ಕೊನೆಗೂ ಗಕ್ಕನೆ ನಿಲ್ಲಿಸೋ ಹಾಗಿಲ್ಲ, ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲೆ ಬರುತ್ತೆ. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ನಡೀತಿರೋದ್ರಿಂದ ಸಣ್ಣ ತರಚು ಗಾಯವೂ ಬೇಗ ನಿಲ್ಲಲ್ಲ. ಹಾಗಾಗಿ ಹಾಲಿನ ಅಂಗಡಿಗೂ ಹೆಲ್ಮೆಟ್. ಬೀದಿ ಹುಡುಗರು ನಗ್ತಾರೆ, ನಗಲಿ.

ಈಗ ಐದು ತಿಂಗಳು. ವಾರಕ್ಕೆ ನಾಲ್ಕು ದಿನ, 40 ನಿಮಿಷ. ಚಾಮುಂಡಿ ಬೆಟ್ಟದ ಬುಡದವರೆಗೆ ಹೋಗಿ ಎಳನೀರು ಕುಡಿದು ವಾಪಸ್. ಮೇಲೆ ಹತ್ತೋ ಮಾತು ಮುಂದಿನ ಟ್ರೆಡ್‌ಮಿಲ್ ಟೆಸ್ಟ್ ಆದ ಮೇಲೆ ಅಂದಿದ್ದಾರೆ ಡಾಕ್ಟರು. ಹತ್ತೋದೇ ಆದ್ರೆ ಲೇಡಿಬರ್ಡ್‌ನಲ್ಲಿ ಆಗಲ್ಲ, ತನಗೂ ಗೇರ್ ಸೈಕಲ್ ಬೇಕು ಅಂತ ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ.