ಜಾಲತಾಣದ ಕಸಬೂ ಬೀಗದ ಕೈಯೂ

ವಾಗ್ಳೆ ಎಸ್ಟೇಟ್ ಎಂದೊಡನೆ ನಮ್ಮಲ್ಲಿಯ ಹಿರಿಯರಿಗೆ ನೆನಪಾಗುವುದು ಲೇಥ್ ಯಂತ್ರಗಳ ಸದ್ದು, ಎಣ್ಣೆಯ ವಾಸನೆ, ಪಾಳಿ ಬಿಡುವ ಹೊತ್ತಿಗೆ ರಸ್ತೆ ತುಂಬ ನಡೆದುಬರುವ ಜನ. 1962ರಲ್ಲಿ ಸ್ಥಾಪನೆಯಾದ ಎಂ.ಐ.ಡಿ.ಸಿ.ಯು ಮೊಟ್ಟಮೊದಲು ಕೈಗೆತ್ತಿಕೊಂಡ ಕೈಗಾರಿಕಾ ಕ್ಷೇತ್ರವಿದು. ಹೆಸರಿಲ್ಲದೆ ನಂಬರಿನಿಂದಲೇ ಗುರುತಾಗುವ ಇಲ್ಲಿಯ ರಸ್ತೆಗಳಲ್ಲಿ ಈಗ ಹಲವು ಕಾರಖಾನೆಗಳು ಮುಚ್ಚಿ, ಅವುಗಳ ಜಾಗದಲ್ಲಿ ಗಾಜಿನ ಗೋಡೆಯ ಕಟ್ಟಡಗಳು ಎದ್ದಿವೆ. ತಂದೆ ಪಾನ ಹಿಡಿದು ದುಡಿದ ಕಡೆಯಲ್ಲೇ ಮಗಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ. ಇಂಥ ನಮ್ಮ ಮಕ್ಕಳಲ್ಲಿ ಕೆಲವರು ಇಬ್ಬರು ಮೂವರು ಕೂಡಿ ಒಂದು ಸಣ್ಣ ಗಾಳಾ ಬಾಡಿಗೆಗೆ ಹಿಡಿದು ಜಾಲತಾಣಗಳನ್ನು ಕಟ್ಟಿಕೊಡುವ ಕಸಬು ಆರಂಭಿಸಿದ್ದಾರೆ. ಅವರ ಗಿರಾಕಿಗಳು ಯಾರು? ನಾವೇ. ನಮ್ಮ ಹೋಟೆಲುಗಳು, ಕೇಟರಿಂಗ್‌ನವರು, ಜಾಬ್‌ವರ್ಕಿನ ಶೆಡ್ಡುಗಳು, ಪತಪೇಢಿಗಳು, ಶಾಲೆಗಳು, ಸಂಘಗಳು.

ಈ ಕಸಬಿಗಿಳಿದವರ ಮುಂದೆ ಮೊದಲು ಬರುವ ಪ್ರಶ್ನೆಯೆಂದರೆ, ಯಾವ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಆರಿಸಿಕೊಳ್ಳುವುದು ಎಂಬುದು. ಇದು ಹುಡುಗರ ತಾಂತ್ರಿಕ ವಿಚಾರ, ನಮಗೇಕೆ ಎಂದು ವಾಚಕರು ಪುಟ ತಿರುವಬಾರದು. ಆರಿಸುವವರು ಅವರಾದರೂ ಆ ಆಯ್ಕೆಯ ಫಲವನ್ನು ಹತ್ತು ವರ್ಷ ಉಣ್ಣುವವರು ಗಿರಾಕಿಗಳು.

ಈ ವ್ಯವಸ್ಥೆ ಏನೆಂಬುದನ್ನು ಅಚ್ಚುಕೂಟದ ಉದಾಹರಣೆಯಿಂದ ತಿಳಿಯಬಹುದು. ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದಾಗ ಒಂದು ತಾರೀಖು ಬದಲಾಗಬೇಕಿದ್ದರೂ ಮೊಳೆ ಜೋಡಿಸುವವನೇ ಬಂದು ಪುಟ ಬಿಚ್ಚಬೇಕಾಗಿತ್ತು. ಮೊದಮೊದಲಿನ ಜಾಲತಾಣಗಳೂ ಹಾಗೆಯೇ ಇದ್ದವು. ಅಕ್ಷರವೂ ಅಲಂಕಾರವೂ ಒಂದರಲ್ಲೊಂದು ಬೆರೆತಿರುತ್ತಿದ್ದವು. ಈ ವ್ಯವಸ್ಥೆಯು ಅವೆರಡನ್ನೂ ಬೇರ್ಪಡಿಸಿತು. ವಿಷಯ ಒಂದು ಉಗ್ರಾಣದಲ್ಲಿ, ರೂಪ ಬೇರೊಂದು ಅಚ್ಚಿನಲ್ಲಿ. ಆದಕಾರಣ ಸಂಘದ ಕಾರ್ಯದರ್ಶಿಯೇ ಕಾರ್ಯಕ್ರಮದ ತಾರೀಖನ್ನು ತಿದ್ದಬಹುದು. ಹೋಟೆಲಿನವರೇ ದೋಸೆಯ ದರವನ್ನು ಬದಲಿಸಬಹುದು. 2018ರಲ್ಲಿ ಹೊರತಂದ ತನ್ನ ಹೊಸ ಬರವಣಿಗೆಯ ಸಲಕರಣೆಗೆ ವರ್ಡ್‌ಪ್ರೆಸ್ ಗುಟೆನ್‌ಬರ್ಗ್ ಎಂದು ಹೆಸರಿಟ್ಟದ್ದು ಇದಕ್ಕೆ ಒಪ್ಪುವಂತೆಯೇ ಇದೆ.

ಉಚಿತವಾಗಿ ದೊರೆಯುವ ಇಂಥ ವ್ಯವಸ್ಥೆಗಳಲ್ಲಿ ಮೂರು ಹೆಸರುಗಳು ಹೆಚ್ಚು ಬಳಕೆಯಲ್ಲಿವೆ. ಬೆಲ್ಜಿಯಮ್ಮಿನ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್ ಎಂಬವರು 2001ರಲ್ಲಿ ಹೊರತಂದದ್ದು ಡ್ರೂಪಲ್. ಹಳ್ಳಿ ಎಂಬರ್ಥದ ಡಚ್ ಮಾತನ್ನು ಬರೆಯಹೋಗಿ ಅವರು ಬೆರಳು ತಪ್ಪಿ ಹನಿ ಎಂಬರ್ಥದ ಇಂಗ್ಲಿಷ್ ಮಾತನ್ನು ಒತ್ತಿದ್ದರಂತೆ; ಹನಿಗೆ ಡಚ್ಚಿನಲ್ಲಿರುವ ಪದದಿಂದಲೇ ಮುಂದೆ ಡ್ರೂಪಲ್ ಎಂಬ ಹೆಸರು ಹುಟ್ಟಿತು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು, ನಿಂತುಹೋಗಿದ್ದ ಹಳೆಯ ತಂತ್ರಾಂಶವೊಂದನ್ನು ಮುಂದುವರಿಸಿ 2003ರಲ್ಲಿ ಹೊರತಂದದ್ದು ವರ್ಡ್‌ಪ್ರೆಸ್. ಮಾಂಬೋ ಎಂಬುದರಿಂದ ಕವಲೊಡೆದು 2005ರಲ್ಲಿ ಬಂದದ್ದು ಜೂಮ್ಲಾ. ಇದು ಸ್ವಾಹಿಲಿ ಭಾಷೆಯ ಮಾತು, ಎಲ್ಲರೂ ಕೂಡಿ ಎಂದು ಅರ್ಥ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳ ಜುಮ್ಲಾ ಎಂಬ ಮಾತಿಗೂ ಇದಕ್ಕೂ ಮೂಲ ಒಂದೇ, ಅರಬ್ಬೀ.

ಈ ಮೂರೂ ಸಾರ್ವಜನಿಕ ಪರವಾನಗಿಯಲ್ಲಿ ದೊರೆಯುತ್ತವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಒಂದು ಸರ್ವರಿನಿಂದ ಇನ್ನೊಂದಕ್ಕೆ ಕೊಂಡೊಯ್ಯಬಹುದು. ಇವಲ್ಲದೆ ವಿಕ್ಸ್, ಸ್ಕ್ವೇರ್‌ಸ್ಪೇಸ್, ಶಾಪಿಫೈಗಳಂತಹ ಬಾಡಿಗೆಯ ಏರ್ಪಾಡುಗಳೂ ಇವೆ. ಹಣ ಕಟ್ಟಿದರೆ ಸಾಕು, ಮಾಡು ಸೋರಿದರೂ ಮಾಲೀಕನೇ ರಿಪೇರಿ ಮಾಡಿಸುತ್ತಾನೆ.

ಬಾಡಿಗೆಯ ಮನೆಗೂ ಸ್ವಂತ ಮನೆಗೂ ಇರುವ ವ್ಯತ್ಯಾಸವನ್ನು ಈ ಊರಿನ ಕನ್ನಡಿಗರಿಗೆ ನಾವು ಬೇರೆ ವಿವರಿಸಬೇಕಾಗಿಲ್ಲ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕಾಗದಕ್ಕೆ ಸಹಿ ಹಾಕಿ ಡೊಂಬಿವಲಿಯಲ್ಲಿ ಸಂಸಾರ ಹೂಡಿದವರು ನಮ್ಮಲ್ಲಿ ಎಷ್ಟಿಲ್ಲ! ಮಾಲೀಕನು ಬಿಡಿ ಎಂದ ದಿನ ಬಿಡಲೇಬೇಕು. 1994ರಲ್ಲಿ ಆರಂಭವಾಗಿ ಲಕ್ಷಾಂತರ ಜನರಿಗೆ ಜಾಲದಲ್ಲಿ ಮನೆ ಕೊಟ್ಟಿದ್ದ ಜಿಯೋಸಿಟೀಸ್ ಯಾಹೂ ಕಂಪನಿಯ ಕೈಗೆ ಹೋಗಿ, 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ತಮ್ಮ ಬರಹ, ಚಿತ್ರಗಳನ್ನು ಮೊದಲೇ ಎತ್ತಿಟ್ಟುಕೊಳ್ಳದವರ ಪಾಲಿಗೆ ಅವು ಹೋದಂತೆಯೇ ಆಯಿತು. ಹಾಗೆಂದು ಬಾಡಿಗೆಯೇ ಕೂಡದೆಂದು ನಾವು ಹೇಳುವುದಿಲ್ಲ. ನಾಲ್ಕು ಬಗೆಯ ಉಪ್ಪಿನಕಾಯಿ ಮಾರುವ ಗೃಹಿಣಿಗೆ ಶಾಪಿಫೈ ಹಿತವಾಗಬಹುದು. ಆದರೆ ಬಿಡುವ ದಿನ ಯಾವ ಸಾಮಾನು ಹೊರತರಬಹುದು, ಯಾವುದು ಅಲ್ಲೇ ಉಳಿಯುತ್ತದೆ ಎಂಬುದನ್ನು ಹೊಕ್ಕುವ ದಿನವೇ ಕೇಳಿಕೊಳ್ಳಬೇಕು.

ಸ್ವಂತ ಮನೆಗೂ ಅದರದೇ ಆದ ಚಿಂತೆಯುಂಟು. ಮಳೆಗಾಲಕ್ಕೆ ಮುಂಚೆ ಮಾಡು ನೋಡಿಕೊಳ್ಳುವವರು ನಾವೇ. 2014ರ ಅಕ್ಟೋಬರ್ 15ರಂದು ಡ್ರೂಪಲ್ಲಿನಲ್ಲಿ ಒಂದು ದೊಡ್ಡ ಬಿರುಕು ಪ್ರಕಟವಾಯಿತು. ಮುಚ್ಚುವ ತೇಪೆಯನ್ನೂ ಕೂಡಲೆ ಕೊಟ್ಟರು. ಏಳು ಗಂಟೆಯೊಳಗೆ ತೇಪೆ ಹಾಕದ ತಾಣಗಳಿಗೆ ಕಳ್ಳರು ಹೊಕ್ಕಿದ್ದಾರೆಂದೇ ಭಾವಿಸಿರೆಂದು ಅದರ ರಕ್ಷಣಾ ತಂಡದವರು ಬಳಿಕ ಸಾರಿದರು. ಆ ಏಳು ಗಂಟೆಗಳು ನಮ್ಮಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆ, ಅಂದರೆ ಠಾಣೆಯು ನಿದ್ರಿಸುವ ವೇಳೆ. ಇನ್ನೊಂದು ಸಂಗತಿ: 2011ರಲ್ಲಿ ಬಂದ ಡ್ರೂಪಲ್ ಏಳನೆಯ ಆವೃತ್ತಿಯಿಂದ 2015ರ ಎಂಟನೆಯದಕ್ಕೆ ಹೋಗುವುದೆಂದರೆ ಬಹುಮಟ್ಟಿಗೆ ತಾಣವನ್ನು ಮತ್ತೆ ಕಟ್ಟುವುದೇ ಆಗಿತ್ತು. ಏಳನೆಯದಕ್ಕೆ ಇದ್ದ ಆಸರೆಯೂ 2025ರ ಜನವರಿಯಲ್ಲಿ ನಿಂತಿತು. ದೊಡ್ಡ ಸಂಸ್ಥೆಗಳು ಈ ಖರ್ಚನ್ನು ತಾಳಬಲ್ಲವು. ನೂರಿನ್ನೂರು ಸದಸ್ಯರ ವರ್ಗಣಿಯಿಂದ ನಡೆಯುವ ಸಂಘವು ತಾಳೀತೇ?

ಹಾಗಾದರೆ ಹೊಸಬರು ಯಾವುದನ್ನು ಆರಿಸಬೇಕು? ಸಣ್ಣ ಅಂಗಡಿಯಲ್ಲಿ ಮೂರೂ ವ್ಯವಸ್ಥೆಗಳನ್ನು ಇಟ್ಟುಕೊಂಡು ಯಾವುದರಲ್ಲೂ ಕೈ ಕುದುರದೆ ಇರುವುದಕ್ಕಿಂತ ಒಂದನ್ನು ಬುಡಮಟ್ಟ ಕಲಿಯುವುದು ಲೇಸು. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ವರ್ಡ್‌ಪ್ರೆಸ್ಸಿನಿಂದ ನಡೆಯುತ್ತಿವೆ. ಅದೇ ಎಲ್ಲಕ್ಕಿಂತ ಮೇಲೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಇಂದು ಕಟ್ಟಿದವನು ನಾಳೆ ಪುಣೆಗೋ ಕೆನಡಾಕ್ಕೋ ಹೊರಟರೆ, ಅದೇ ಕೆಲಸ ಬಲ್ಲ ಇನ್ನೊಬ್ಬನು ಕಲ್ಯಾಣದಲ್ಲಿಯೋ ನವಿ ಮುಂಬಯಿಯಲ್ಲಿಯೋ ಸಿಕ್ಕಿಯೇ ಸಿಗುತ್ತಾನೆ. ಸಣ್ಣ ಗಿರಾಕಿಗೆ ಇದು ದೊಡ್ಡ ಧೈರ್ಯ. ನೂರಾರು ಬಗೆಯ ಕಡತಗಳು, ಹತ್ತಾರು ದರ್ಜೆಯ ಅಧಿಕಾರಗಳು ಬೇಕಾದಲ್ಲಿ ಡ್ರೂಪಲ್ಲಿನ ಶಕ್ತಿ ಕಾಣುತ್ತದೆ. ವರ್ಷಕ್ಕೊಮ್ಮೆಯೂ ಬದಲಾಗದ ನಾಲ್ಕು ಪುಟದ ತಾಣಕ್ಕೆ ಇಂಥ ವ್ಯವಸ್ಥೆಯೇ ಬೇಡ, ಸಾದಾ ಪುಟಗಳೇ ಸಾಕು. ಕಳ್ಳರಿಗೆ ನುಗ್ಗಲು ಕಿಂಡಿಯೂ ಕಡಿಮೆ.

ವರ್ಡ್‌ಪ್ರೆಸ್ಸಿಗೆ ಕೂಡಿಸಬಹುದಾದ ಪ್ಲಗಿನ್ನುಗಳು 50,000ಕ್ಕೂ ಮಿಕ್ಕಿವೆ. ಮದುವೆಯೂಟದಲ್ಲಿ ಕಂಡದ್ದನ್ನೆಲ್ಲ ಎಲೆಗೆ ಹಾಕಿಸಿಕೊಂಡಂತೆ ಇವನ್ನು ಹಾಕಿಕೊಂಡರೆ ಅಜೀರ್ಣವೇ ಗತಿ. ಒಂದೊಂದು ಪ್ಲಗಿನ್ನೂ ಒಂದೊಂದು ಹೊಸ ಬಾಗಿಲು. ಅದಕ್ಕೂ ಬೀಗ ಬೇಕು, ಅದನ್ನೂ ನೋಡಿಕೊಳ್ಳಬೇಕು.

ನಮ್ಮವರು ಇನ್ನೊಂದು ಪರೀಕ್ಷೆಯನ್ನು ಮಾಡಬೇಕು, ಅದು ಕನ್ನಡದ ಪರೀಕ್ಷೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿರುವ ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸದೆ ಜಾಲತಾಣಕ್ಕೆ ಅಂಟಿಸಿದರೆ ಅದು ಯಾರಿಗೂ ಓದಲಾಗದ ಗೊಂದಲವಾಗುತ್ತದೆ. ಅಂದವಾದ ಥೀಮುಗಳು ಇಂಗ್ಲಿಷಿಗೆ ಒಪ್ಪುವಂತೆ ಸಾಲುಗಳನ್ನು ಒತ್ತೊತ್ತಾಗಿ ಇಡುವುದರಿಂದ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುವುದುಂಟು. ಸ್ವಾತಂತ್ರ್ಯ, ರಾಷ್ಟ್ರ ಎಂಬ ಮಾತುಗಳನ್ನು ಫೋನಿನ ಪರದೆಯ ಮೇಲೆ ಬರೆಸಿ ನೋಡಿರಿ. ಪುಟದ ವಿಳಾಸದಲ್ಲಿ ಕನ್ನಡವಿದ್ದರೆ ಒಂದೊಂದು ಕನ್ನಡ ಚಿಹ್ನೆಯೂ ಒಳಗೆ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ಸಿನಲ್ಲಿ ವಿಳಾಸದ ಆ ಭಾಗಕ್ಕೆ 200 ಚಿಹ್ನೆಗಳ ಮಿತಿಯಿರುವುದರಿಂದ ಉದ್ದದ ತಲೆಬರಹ ನಡುವೆಯೇ ತುಂಡಾಗುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸ ಚಿಕ್ಕದಾಗಿರಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದಿದ್ದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಚ್ಚು ಎಲ್ಲರಿಗೂ ಸುಲಭವಾಗಿದೆ. ಬರೆಯಲು ಸಾಧ್ಯವಾದ ಮೇಲೆ ತೋರಿಸಲು ಆಗದೆಂಬ ನೆಪ ನಡೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಬೀಗದ ಕೈ. ಒಂದು ಸಂಸ್ಥೆಯ ಸಂಗತಿ ನಮ್ಮ ಕಿವಿಗೆ ಬಿತ್ತು. ಅವರ ತಾಣದ ಹೆಸರು ಕಟ್ಟಿಕೊಟ್ಟವರ ಹೆಸರಿನಲ್ಲೇ ನೋಂದಣಿಯಾಗಿತ್ತು. ಕಟ್ಟಿದವರು ಊರು ಬಿಟ್ಟರು. ನವೀಕರಣದ ಪತ್ರಗಳು ಅವರ ವಿಳಾಸಕ್ಕೇ ಹೋದವು. ಅವಧಿ ತೀರಿ ಹೆಸರು ಅನ್ಯರ ಪಾಲಾಯಿತು. ವರ್ಷಾನುಗಟ್ಟಲೆಯ ನಾಟಕಗಳ, ಸಮ್ಮೇಳನಗಳ ಭಾವಚಿತ್ರಗಳು ಅದರೊಡನೆ ಹೋದವು. ಈಗ ತೀರಿಕೊಂಡಿರುವ ಹಿರಿಯ ಸದಸ್ಯರನೇಕರ ಮುಖಗಳು ಅವುಗಳಲ್ಲಿದ್ದವು. ವ್ಯವಸ್ಥೆಯ ಆಯ್ಕೆಯಲ್ಲಿ ಯಾವ ದೋಷವೂ ಇರಲಿಲ್ಲ. ಬೀಗದ ಕೈ ಮಾತ್ರ ಮನೆಯವರ ಬಳಿ ಇರಲಿಲ್ಲ.

ಫ್ಲ್ಯಾಟು ಕೊಂಡಾಗ ಶೇರ್ ಸರ್ಟಿಫಿಕೇಟು ಯಾರ ಹೆಸರಿನಲ್ಲಿದೆಯೆಂದು ನೋಡದವರಾರು? ಹಾಗೆಯೇ ತಾಣದ ಹೆಸರು ಮತ್ತು ಹೋಸ್ಟಿಂಗ್ ಖಾತೆ ಗಿರಾಕಿಯ ಹೆಸರಿನಲ್ಲಿರಬೇಕು. ಆಡಳಿತದ ಪಾಸ್‌ವರ್ಡು ಒಬ್ಬರ ತಲೆಯಲ್ಲಿರದೆ ಸಂಸ್ಥೆಯ ಕಪಾಟಿನಲ್ಲಿರಬೇಕು. ತಿಂಗಳಿಗೊಮ್ಮೆ ಇಡೀ ತಾಣದ ಒಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಡಬೇಕು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ತಾಣ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು.

ಕೈ ಕೊಟ್ಟುಬಿಟ್ಟರೆ ಗಿರಾಕಿ ಓಡಿಹೋಗುತ್ತಾನೆಂದು ತರುಣರು ಅಂಜಬಹುದು. ಇದಕ್ಕೆ ಉತ್ತರ ವಾಗ್ಳೆ ಎಸ್ಟೇಟಿನ ಹಳೆಯ ಶೆಡ್ಡುಗಳಲ್ಲೇ ಇದೆ. ಅಲ್ಲಿ ಯಂತ್ರ ಮಾರಿದವರು ಅದಕ್ಕೆ ತಮ್ಮ ಬೀಗ ಹಾಕಿಡಲಿಲ್ಲ. ವಾರ್ಷಿಕ ದುರಸ್ತಿಯ ಕರಾರು ಬರೆಸಿಕೊಂಡು, ಕರೆದಾಗ ಬಂದು, ವರ್ಷಗಟ್ಟಲೆ ಗಿರಾಕಿಯನ್ನು ಉಳಿಸಿಕೊಂಡರು. ಜಾಲತಾಣದ ಕಸಬಿನಲ್ಲಿಯೂ ಕಟ್ಟುವ ಹಣ ಒಮ್ಮೆ ಬರುತ್ತದೆ, ಕಾಯುವ ಹಣ ವರ್ಷವರ್ಷ ಬರುತ್ತದೆ. ಹಿರಿಯರಾದ ನಾವೂ ಆ ಕಾಯುವ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ನಮ್ಮ ಹುಡುಗನೇ ಅಲ್ಲವೇ, ಪುಕ್ಕಟೆ ಮಾಡಿಯಾನು ಎಂಬ ಸಲಿಗೆಯಿಂದ ಹಾಳಾದ ತಾಣಗಳೂ ಕಡಿಮೆಯಿಲ್ಲ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಪ್ರತಿಯೊಂದು ಸಂಘವೂ ಈ ಮೂರು ಪ್ರಶ್ನೆಗಳನ್ನು ಎತ್ತಲೆಂದು ನಮ್ಮ ಸೂಚನೆ: ನಮ್ಮ ತಾಣದ ಹೆಸರು ಯಾರ ಹೆಸರಿನಲ್ಲಿದೆ? ಅದರ ಪ್ರತಿ ಎಲ್ಲಿದೆ? ಅದನ್ನು ನೋಡಿಕೊಳ್ಳುವವರಿಗೆ ಈ ವರ್ಷದ ಹಣ ಸಂದಿದೆಯೇ?