ಕುಂಡಲಿಕಾ ನದಿಯಲ್ಲಿ ಹುಟ್ಟು ಹಾಕುವ ಮುನ್ನ



ಕಳೆದ ಭಾನುವಾರದ ಕಾರ್ಯಕ್ರಮದಲ್ಲಿ ಕೋಲಾಡ್‌ನ ಕಯಾಕ್ ವಿಹಾರದ ಬಗ್ಗೆ ನಾಲ್ಕು ಮಾತಾಡಿದ್ದೇ ತಡ, ಠಾಣೆ, ಡೊಂಬಿವಲಿ, ಮೀರಾ ರೋಡ್ ಕಡೆಯಿಂದ ಒಂದೇ ಸಮನೆ ಫೋನು. "ಈಜು ಬಾರದವರು ಹೋಗಬಹುದಾ?" "ಮಕ್ಕಳನ್ನು ಕರ್ಕೊಂಡು ಹೋದ್ರೆ ತೊಂದ್ರೆ ಇಲ್ವಾ?" "ಅಲ್ಲಿ ಊಟಕ್ಕೆ ಎಂತ ಸಿಗ್ತದೆ ಮಾರಾಯ್ರೆ?" ಎರಡು ಹಾಡಿನ ನಡುವೆ ಸಿಗುವ ಎರಡು ನಿಮಿಷದಲ್ಲಿ ಇಷ್ಟಕ್ಕೆಲ್ಲ ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಊಟದ ವಿಷಯ ಕೊನೆಗಿರಲಿ, ಮೊದಲು ನೀರಿನ ವಿಷಯ.

ಮತ್ಸ್ಯಗಂಧದಲ್ಲಿ ಊರಿಗೆ ಹೋಗಿಬರುವವರಿಗೆ ಕೋಲಾಡ್ ಹೆಸರು ಹೊಸದಲ್ಲ. ರೋಹಾದಲ್ಲಿ ಕೊಂಕಣ ರೈಲ್ವೆ ಶುರುವಾದ ಮೇಲೆ ಬರುವ ಮೊದಲ ಸ್ಟೇಷನ್ ಅದು. ಗೋವಾ ಹೆದ್ದಾರಿಯಲ್ಲಿ ಹೋದರೆ ಮುಂಬಯಿಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿ ಹರಿಯುವ ಕುಂಡಲಿಕಾ ಸಹ್ಯಾದ್ರಿಯಿಂದ ಇಳಿದು, ಕೋಲಾಡ್, ರೋಹಾಗಳನ್ನು ಹಾದು, ರೇವದಂಡಾ ಹತ್ತಿರ ಸಮುದ್ರ ಸೇರುವ ಪುಟ್ಟ ನದಿ. ಘಟ್ಟದ ಈಚೆಯ ಹೆಚ್ಚಿನ ಹೊಳೆಗಳು ಫೆಬ್ರವರಿ ದಾಟುವುದರೊಳಗೆ ಬರೀ ಕಲ್ಲಿನ ಸಾಲಾಗಿರುತ್ತವೆ. ಇದು ಮಾತ್ರ ಮೇ ತಿಂಗಳ ಬಿಸಿಲಲ್ಲೂ ತುಂಬಿ ಹರಿಯುತ್ತಿರುತ್ತದೆ. ಯಾಕೆ ಗೊತ್ತೇ? ಅದು ಮಳೆಯ ನೀರು ಹೌದು, ಆದರೆ ಬೇರೆ ನದಿಯದು.

ಘಟ್ಟದ ಮೇಲೆ, ಪುಣೆ ಜಿಲ್ಲೆಯ ಮುಳಶಿಯಲ್ಲಿ, ಮುಳಾ ನದಿಗೆ ಟಾಟಾ ಕಂಪನಿಯವರು ಕಟ್ಟಿದ ಅಣೆಕಟ್ಟು ಇದೆ. ಅಲ್ಲಿಯ ನೀರನ್ನು ಸುರಂಗ, ಕೊಳವೆಗಳ ಮೂಲಕ ಸುಮಾರು 500 ಮೀಟರ್ ಕೆಳಗಿರುವ ಭಿರಾ ವಿದ್ಯುತ್ ಕೇಂದ್ರಕ್ಕೆ ಇಳಿಸುತ್ತಾರೆ. 1927ರಿಂದ ಇಲ್ಲಿ ಕರೆಂಟು ಉತ್ಪಾದನೆ ನಡೆದಿದೆ. ಯಂತ್ರ ತಿರುಗಿಸಿ ಹೊರಬಂದ ನೀರೇ ಕುಂಡಲಿಕೆಯ ಪಾತ್ರಕ್ಕೆ ಬೀಳುತ್ತದೆ. ಆ ಅಣೆಕಟ್ಟಿಗೆ ತಮ್ಮ ಮನೆ ಗದ್ದೆ ಮುಳುಗುತ್ತದೆಂದು ಅಲ್ಲಿಯ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದ್ದರು, ಸೇನಾಪತಿ ಬಾಪಟ್ ಅದರ ಮುಂದಾಳು. ಅಣೆಕಟ್ಟು ನಿಲ್ಲಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಮುಳಾ ಮೂಲತಃ ಪೂರ್ವಕ್ಕೆ ಹರಿಯುವ ನದಿ. ಪುಣೆಯಲ್ಲಿ ಮುಠಾ ಕೂಡಿಕೊಂಡು, ಭೀಮೆಗೆ ಸೇರಿ, ಗಾಣಗಾಪುರದ ಮುಂದೆ ಹಾದು, ಕೊನೆಗೆ ರಾಯಚೂರಿನ ಕಡೆ ಕೃಷ್ಣೆಯಲ್ಲಿ ಬೆರೆಯುವ ನೀರು ಅದು. ಮುಳಶಿಯಲ್ಲಿ ತಡೆಯದೆ ಹೋಗಿದ್ದರೆ ಇದರಲ್ಲಿ ಒಂದು ಪಾಲು ನಮ್ಮ ಕಲಬುರಗಿಯ ಕಡೆಗೇ ಹೋಗಬೇಕಿತ್ತು. ಕೋಲಾಡ್‌ನಲ್ಲಿ ಹುಟ್ಟು ಹಾಕುವಾಗ ನನಗಂತೂ ಇದು ನೆನಪಾಗದೆ ಇರುವುದಿಲ್ಲ.

ವಿಹಾರಕ್ಕೆ ಹೋಗುವವರಿಗೆ ಇದರಿಂದ ಏನಾಗಬೇಕು ಅನ್ನುತ್ತೀರಾ? ಆಗಬೇಕು. ಈ ನದಿಯ ನೀರು ಗಂಟೆಯ ಲೆಕ್ಕದಲ್ಲಿ ಏರಿ ಇಳಿಯುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ನೀರು ಬಿಡುತ್ತಾರೆ, ಕೆಲವು ಗಂಟೆಗಳ ಮೇಲೆ ಇಳಿಯತೊಡಗುತ್ತದೆ. ಅದಕ್ಕೇ ರ್‍ಯಾಫ್ಟಿಂಗ್‌ನವರು ಬೆಳಗಿನ ಜಾವವೇ ಹೊರಡಿ ಎಂದು ಗಡಿಬಿಡಿ ಮಾಡುವುದು. ತಡವಾಗಿ ಹೋದರೆ ದೋಣಿ ಕಲ್ಲಿನ ಮೇಲೆ ಕೂರುತ್ತದೆ, ನೀವು ಇಳಿದು ಎತ್ತಿಕೊಂಡು ನಡೆಯಬೇಕು. ಅದು ಬರೀ ಫಜೀತಿ. ಅಪಾಯ ಇರುವುದು ಇನ್ನೊಂದು ಕಡೆ. ನೀರು ಕಡಿಮೆ ಇದೆ ಎಂದು ನಡುಹೊಳೆಯ ಬಂಡೆಯ ಮೇಲೆ ಚಾಪೆ ಹಾಸಿ, ಟಿಫಿನ್ ಡಬ್ಬಿ ಬಿಚ್ಚಿ ಕೂತವರಿಗೆ, ಮೇಲಿನಿಂದ ನೀರು ಬಿಟ್ಟದ್ದು ಗೊತ್ತಾಗುವುದು ಕಾಲು ಒದ್ದೆಯಾದ ಮೇಲೆಯೇ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ! ದಾಂಡೇಲಿಗೆ ಹೋಗಿಬಂದವರಿಗೆ ಇದು ಗೊತ್ತಿರಬಹುದು. ಗಣೇಶಗುಡಿಯಲ್ಲಿ ಕಾಳಿ ನದಿಯ ರ್‍ಯಾಫ್ಟಿಂಗ್ ಕೂಡ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆಯೇ ನಡೆಯುವುದು.

ಇನ್ನು ದೋಣಿ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನೀರು ಎಳೆಯುತ್ತಾರೆ. ಕನೂ ಎಂದರೆ ಮೇಲ್ಭಾಗ ತೆರೆದಿರುವ ದೋಣಿ, ಅದರ ಹುಟ್ಟಿಗೆ ಒಂದೇ ಅಲಗು, ಮೊಣಕಾಲೂರಿ ಅಥವಾ ಅಡ್ಡಪಟ್ಟಿಯ ಮೇಲೆ ಕೂತು ನಡೆಸುವುದು. ನಮ್ಮ ಕರಾವಳಿಯ ಸಣ್ಣ ದೋಣಿಯನ್ನು ನೆನಪಿಸಿಕೊಂಡರೆ ಸರಿ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಕಯಾಕ್, ಅದರಲ್ಲೂ ಒಳಗೆ ಇಳಿಯದೆ ಮೇಲೆಯೇ ಕೂರುವಂಥದ್ದು. ಮಗುಚಿದರೂ ಒಳಗೆ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ, ಹೊಸಬರಿಗೆ ಅದೇ ಒಳ್ಳೆಯದು. ಹರಿಗೋಲಿನಂತೆ ಇದು ಗಿರಗಿರನೆ ತಿರುಗುವುದಿಲ್ಲ, ಆದರೆ ಬಲಕ್ಕೆ ಎಳೆದರೆ ಎಡಕ್ಕೆ ಹೋಗುತ್ತದೆ. ಮೊದಲ ಹತ್ತು ನಿಮಿಷ ಎಲ್ಲರಿಗೂ ಅದೇ ತಮಾಷೆ. ತೋಳಿನಿಂದಷ್ಟೇ ಎಳೆದರೆ ಅರ್ಧ ಗಂಟೆಯಲ್ಲಿ ಭುಜ ಬಿದ್ದುಹೋಗುತ್ತದೆ, ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸಿ ಎಳೆಯಬೇಕು. ಇಬ್ಬರ ದೋಣಿಯಲ್ಲಿ ಮುಂದಿನವರು ತಾಳ ಹಾಕುವವರು, ಹಿಂದಿನವರು ದಾರಿ ತಿರುಗಿಸುವವರು. ಅನುಭವ ಇದ್ದವರು ಹಿಂದೆ ಕೂರಬೇಕು. ಗಂಡ ಹೆಂಡತಿ ಒಂದೇ ದೋಣಿಯಲ್ಲಿ ಕೂರಬೇಕೋ ಬೇಡವೋ ಎಂಬುದನ್ನು ನಾನು ಹೇಳಲಾರೆ, ನಮ್ಮ ಅಕ್ಕ ಭಾವನನ್ನು ನೋಡಿದ ಮೇಲಂತೂ.

ಅದನ್ನೂ ಹೇಳುತ್ತೇನೆ. ಹೋದ ಜನವರಿಯಲ್ಲಿ ನಾವು ಒಂಬತ್ತು ಜನ ಐದು ದೋಣಿಯಲ್ಲಿ ಹೊರಟಿದ್ದೆವು, ಜೊತೆಗೆ ಸ್ಥಳೀಯ ಗೈಡ್ ಒಬ್ಬರು. ಬಾಡಿಗೆಗೆ ಕೊಟ್ಟವರು ರಾಶಿಯಿಂದ ಒಂದೊಂದು ಲೈಫ್ ಜಾಕೆಟ್ ಎತ್ತಿ ಎಸೆದರು. ಯಾರದ್ದು ಯಾರಿಗೆ ಸರಿಯಾಗುತ್ತದೆ ಎಂದು ಅವರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಅಕ್ಕನಿಗೆ ಈಜು ಬರುವುದಿಲ್ಲ. ಭಾವ ಹಿಂದೆ ಕೂತಿದ್ದರು. ಒಂದು ತಿರುವಿನಲ್ಲಿ ನೀರು ದಡದ ಕಡೆಗೆ ಒತ್ತಿಕೊಂಡು ಹೋಗುವ ಜಾಗ, ಅಲ್ಲೊಂದು ಬಾಗಿದ ಕೊಂಬೆ. ಭಾವ ಕೊಂಬೆಯನ್ನು ಹಿಡಿದುಕೊಂಡರು. ದೋಣಿ ನಿಲ್ಲಲಿಲ್ಲ, ಮಗುಚಿತು.

ಅಕ್ಕನ ತಲೆ ಮೇಲೆ ಬಂತು, ಆದರೆ ಜಾಕೆಟ್ ಅವಳ ಕಿವಿಗಿಂತ ಮೇಲೆ! ಒಳಗೆ ಅವಳು ಜಾರುತ್ತಿದ್ದಳು. ಭಾವ ಎದ್ದು ನಿಲ್ಲಲು ನೋಡುತ್ತಿದ್ದರು. ಗೈಡ್ ಮರಾಠಿಯಲ್ಲಿ "ಉಭೇ ರಾಹೂ ನಕಾ, ನಿಲ್ಲಬೇಡಿ" ಎಂದು ಕೂಗುತ್ತಲೇ ಬಂದು, ಅಕ್ಕನ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ತನ್ನ ದೋಣಿಗೆ ಒರಗಿಸಿಕೊಂಡರು. ಇದಿಷ್ಟೂ ಒಂದು ನಿಮಿಷದೊಳಗೆ. ಗೈಡ್ ನಮ್ಮೆಲ್ಲರ ಹಿಂದೆ ಇದ್ದದ್ದರಿಂದ ಅದು ಆಯಿತು. ಮುಂದೆ ಇದ್ದಿದ್ದರೆ ಏನಾಗುತ್ತಿತ್ತೋ ಯೋಚಿಸುವುದೇ ಬೇಡ.

ನಿಲ್ಲಬೇಡಿ ಎಂದದ್ದು ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಹರಿಯುವ ನೀರಿನಲ್ಲಿ, ಸೊಂಟದಷ್ಟೇ ಆಳವಿದ್ದರೂ, ನಿಲ್ಲಲು ಹೋದರೆ ಪಾದ ಎರಡು ಕಲ್ಲಿನ ನಡುವೆ ಸಿಕ್ಕಿಕೊಳ್ಳಬಹುದು. ಆಗ ಹಿಂದಿನಿಂದ ನೀರು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ, ಜಾಕೆಟ್ ಇದ್ದರೂ ಪ್ರಯೋಜನವಿಲ್ಲ. ಬಿದ್ದವರು ಅಂಗಾತ ಮಲಗಿ, ಕಾಲು ನೀರು ಹೋಗುವ ದಿಕ್ಕಿಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವ ಹಾಗೆ ತೇಲಬೇಕು. ಕಲ್ಲು ಎದುರಾದರೆ ಕಾಲಿನಿಂದ ಒದ್ದು ಸರಿಯಬಹುದು. ನೀರು ತಣ್ಣಗಾದ ಜಾಗದಲ್ಲಿ ಮಗುಚಿ ಈಜಿ ಅಥವಾ ಕೈ ಬಡಿದು ದಡ ಸೇರಬೇಕು. ಕೊಂಬೆ, ಬಿದ್ದ ಮರ ಇವುಗಳ ಹತ್ತಿರ ಹೋಗಲೇಬಾರದು. ನೀರು ಅವುಗಳ ಸಂದಿನಿಂದ ದಾಟಿಹೋಗುತ್ತದೆ, ಮನುಷ್ಯ ಜರಡಿಯಲ್ಲಿ ಸಿಕ್ಕ ಹಾಗೆ ಸಿಕ್ಕಿಕೊಳ್ಳುತ್ತಾನೆ. ದೋಣಿ ಬಂಡೆಗೆ ಅಡ್ಡಲಾಗಿ ಒತ್ತಿಕೊಂಡರೆ ಎಲ್ಲರೂ ಹೆದರಿ ಬಂಡೆಯಿಂದ ಆಚೆಗೆ ವಾಲುತ್ತಾರೆ. ಹಾಗೆ ಮಾಡಿದರೆ ಮೇಲಿನ ನೀರು ದೋಣಿಯೊಳಗೆ ನುಗ್ಗಿ ಮಗುಚುತ್ತದೆ. ಬಂಡೆಯ ಕಡೆಗೇ ವಾಲಿ, ಅದನ್ನು ಅಪ್ಪಿಕೊಳ್ಳಬೇಕು.

ಜಾಕೆಟ್ ಪರೀಕ್ಷೆ ಸುಲಭ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಜೊತೆಗಿರುವವರು ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲಿ. ಗಲ್ಲಕ್ಕೆ ತಾಗಿದರೆ ಅದು ನಿಮ್ಮದಲ್ಲ, ಬೇರೆ ಕೇಳಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲಸಂದಿಯಿಂದ ಬಿಗಿಯುವ ಪಟ್ಟಿ ಇರುವಂಥದ್ದು. ಅದು ಅವರಲ್ಲಿ ಇಲ್ಲವೆಂದರೆ ಮಕ್ಕಳನ್ನು ದಡದಲ್ಲೇ ಇಟ್ಟುಕೊಳ್ಳಿ. ಅಳುತ್ತಾರೆ, ಅಳಲಿ.

ಈಗ ಗುಂಪಿನ ವಿಷಯ. ಹೊಳೆಗೆ ಒಂಟಿಯಾಗಿ ಹೋಗಬಾರದು, ಮೂರು ದೋಣಿಗಿಂತ ಕಡಿಮೆ ಇರಬಾರದು ಎನ್ನುವುದು ಈ ಆಟದವರ ಹಳೆಯ ನಿಯಮ. ಒಂದು ಮಗುಚಿದರೆ ಒಂದು ಜನರನ್ನು ಹಿಡಿಯಲು, ಇನ್ನೊಂದು ದೋಣಿ ಹುಟ್ಟುಗಳನ್ನು ಹಿಡಿಯಲು. ಎಲ್ಲರಿಗಿಂತ ಮುಂದೆ ಹೊಳೆ ಗೊತ್ತಿರುವ ಒಬ್ಬರು, ಎಲ್ಲರಿಗಿಂತ ಹಿಂದೆ ರಕ್ಷಣೆ ಗೊತ್ತಿರುವ ಒಬ್ಬರು. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಹಿಂದಿನವರಿಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ. ನಡುವಿನವರು ತಮ್ಮ ಹಿಂದಿನ ದೋಣಿಯ ಮೇಲೆ ಕಣ್ಣಿಟ್ಟಿರಬೇಕು. ಹಿಂದಿನದು ಕಾಣದಿದ್ದರೆ ನಿಲ್ಲಿ, ಆಗ ನಿಮ್ಮನ್ನು ನೋಡಿ ಮುಂದಿನವರೂ ನಿಲ್ಲುತ್ತಾರೆ. ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ಸೀಟಿ ಬೇಕು. ಒಂದು ಸಲ ಊದಿದರೆ ಇತ್ತ ನೋಡಿ, ಮೂರು ಸಲ ಊದಿದರೆ ಸಹಾಯ ಬೇಕು. ಹುಟ್ಟನ್ನು ನೆಟ್ಟಗೆ ಎತ್ತಿದರೆ ಬನ್ನಿ, ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲಿ. ಹೊರಡುವ ಮುನ್ನ ದಡದಲ್ಲಿ ಎಲ್ಲರೂ ಒಮ್ಮೆ ಮಾಡಿ ನೋಡಿಕೊಳ್ಳಿ, ನಾಚಿಕೆ ಬೇಡ. ಇನ್ನೊಂದು, ಹೊಳೆ ನಿಮ್ಮನ್ನು ಕೆಳಗೆ ಬಿಡುತ್ತದೆ, ಕಾರು ಮೇಲೆಯೇ ಇರುತ್ತದೆ! ಮುಗಿಯುವ ಜಾಗದಲ್ಲಿ ಒಂದು ಗಾಡಿ ಮೊದಲೇ ನಿಲ್ಲಿಸಿರಬೇಕು. ಕೀಲಿ ನೀರು ಹೋಗದ ಚೀಲದಲ್ಲಿ.

ನೀರನ್ನು ಓದುವುದು ಒಂದು ದಿನದ ಪಾಠವಲ್ಲ, ಆದರೂ ಒಂದು ಗುರುತು ಹೇಳುತ್ತೇನೆ. ಎರಡು ಬಂಡೆಯ ನಡುವೆ ನೀರು ನುಣುಪಾಗಿ ನಾಲಗೆಯ ಹಾಗೆ ಕೆಳಕ್ಕೆ ಚೂಪಾಗಿದ್ದರೆ ಅದು ದಾರಿ. ಚೂಪು ನಿಮ್ಮ ಕಡೆಗೆ ಇದ್ದರೆ ಕೆಳಗೆ ಕಲ್ಲಿದೆ. ಹೊಳೆಗೆ ಅಡ್ಡ ಕಟ್ಟಿದ ತಗ್ಗು ಒಡ್ಡುಗಳನ್ನು, ಊರಲ್ಲಿ ಕಿಂಡಿ ಅಣೆಕಟ್ಟು ಅನ್ನುತ್ತೇವಲ್ಲ ಅಂಥವನ್ನು, ದೋಣಿಯಲ್ಲಿ ದಾಟುವ ಹುಚ್ಚು ಬೇಡ. ನಾಲ್ಕಡಿ ಎತ್ತರವೇ ಇರಲಿ, ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ ಸುತ್ತಿ ಬರುತ್ತಿರುತ್ತದೆ. ಒಳಗೆ ಬಿದ್ದವನನ್ನು ಬಿಡುವುದಿಲ್ಲ. ದೋಣಿ ಹೊತ್ತು ದಡದಿಂದ ನಡೆಯಿರಿ.

ಈಜು ಬಾರದವರು ಹೋಗಬಹುದೇ ಎಂದರೆ, ನೀರು ನಿಧಾನವಾಗಿರುವ ಕೆಳಗಿನ ಭಾಗಕ್ಕೆ, ಸರಿಯಾದ ಜಾಕೆಟ್ಟಿನಲ್ಲಿ, ಗೈಡ್ ಜೊತೆಗೆ ಹೋಗಬಹುದು. ಬಂಡೆಗಳ ನಡುವಿನ ರಭಸದ ನೀರಿಗೆ ಬೇಡ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರಿದಾಗ ಈಜು ಬರುವವರಿಗೂ ಬೇಡ. ಕಾಲಿಗೆ ಗಾಯವಿದ್ದರಂತೂ ಆ ನೀರಿಗೆ ಇಳಿಯಲೇಬೇಡಿ, ಲೆಪ್ಟೊಸ್ಪೈರೋಸಿಸ್ ಎಂಬ ಹೆಸರನ್ನು ಮುಂಬಯಿಯಲ್ಲಿರುವ ನಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ.

ರಜೆಯಲ್ಲಿ ಊರಿಗೆ ಹೋಗುವವರು ಸಾಲಿಗ್ರಾಮದ ಹತ್ತಿರ, ಹೊನ್ನಾವರದ ಶರಾವತಿಯಲ್ಲಿ ಕಾಂಡ್ಲಾ ಕಾಡಿನ ನಡುವೆ ಕಯಾಕ್ ಮಾಡಬಹುದು. ಅಲ್ಲಿ ಬಂಡೆಯಿಲ್ಲ, ಆದರೆ ಉಬ್ಬರ ಇಳಿತವಿದೆ, ಹೆಚ್ಚುಕಡಿಮೆ ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಏರುವ ನೀರಿನ ಜೊತೆ ಒಳಗೆ ಹೋಗಿ, ಇಳಿಯುವ ನೀರಿನ ಜೊತೆ ಹಿಂದೆ ಬಂದರೆ ತೋಳಿಗೆ ಅರ್ಧ ಕೆಲಸ. ಲೆಕ್ಕ ತಪ್ಪಿದರೆ ಕೆಸರಿನಲ್ಲಿ ದೋಣಿ ಊರಿಕೊಂಡು, ಮುಂದಿನ ಉಬ್ಬರದವರೆಗೆ ಸೊಳ್ಳೆ ಕಚ್ಚಿಸಿಕೊಂಡು ಕೂರಬೇಕು. ಅಲ್ಲಿಯ ಮೀನುಗಾರರನ್ನು ಕೇಳಿದರೆ ಹೊತ್ತು ಸರಿಯಾಗಿ ಹೇಳುತ್ತಾರೆ.

ಊಟಕ್ಕೆ ಕೋಲಾಡ್‌ನಲ್ಲಿ ಅಕ್ಕಿ ರೊಟ್ಟಿ, ಮೀನು ಸಾರು, ಪಿಠಲ ಸಿಗುತ್ತದೆ. ಹೊಳೆಯಿಂದ ಎದ್ದುಬಂದ ಮೇಲೆ ಏನು ಕೊಟ್ಟರೂ ರುಚಿಯೇ. ನಮ್ಮ ಅಕ್ಕ ಅವತ್ತು ಒದ್ದೆ ಸೀರೆಯ ಸೆರಗು ಹಿಂಡುತ್ತಾ ನಾಲ್ಕು ರೊಟ್ಟಿ ತಿಂದಳು, ಭಾವನ ಹತ್ತಿರ ಮಾತಾಡಲಿಲ್ಲ. ಪನ್ವೇಲ್ ದಾಟಿದ ಮೇಲೆ ಹೇಳಿದಳು: "ನೀರು ಎಂತ ಮಾಡ್ಲಿಲ್ಲ. ಆದ್ರೆ ಮುಂದಿನ ಸಲ ಇವ್ರು ಮುಂದೆ ಕೂರ್ಲಿ, ನಾನು ಹಿಂದೆ ಕೂರ್ತೇನೆ." ಈಗ ವಾರಕ್ಕೆರಡು ದಿನ ಮುನಿಸಿಪಾಲಿಟಿ ಕೊಳದಲ್ಲಿ ಈಜು ಕಲಿಯುತ್ತಿದ್ದಾಳೆ.