18 ತುಂಬಿದ ಮೇಲೆ: ಬೌದ್ಧಿಕ ವಿಕಲಚೇತನರ ಕಲಿಕೆ ಮತ್ತು ಕಾಯಕ

ಅಮಾವಾಸ್ಯೆಯಂದು ಪೂಜ್ಯರ ದರ್ಶನಕ್ಕೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ವಯಸ್ಸಾದ ಕೆಲವು ತಾಯಂದಿರಿದ್ದಾರೆ. ಜೊತೆಯಲ್ಲಿ ಮೂವತ್ತು, ನಲವತ್ತು ವರ್ಷದ ಮಗನೋ ಮಗಳೋ ಇರುತ್ತಾರೆ. ಸಾಲಿನಲ್ಲಿ ನಿಂತಾಗಲೂ ತಾಯಿ ಅವರ ಕೈ ಬಿಡುವುದಿಲ್ಲ. ಎಲ್ಲರ ದರ್ಶನವಾದ ಮೇಲೆ ಮುಂದೆ ಬಂದು, ತಗ್ಗಿದ ದನಿಯಲ್ಲಿ ಅವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ನಾನಿರೋ ತನಕ ಸರಿ ಬುದ್ಧೀ. ನಾನು ಹೋದ ಮೇಲೆ ಇವನನ್ನ ಯಾರು ನೋಡ್ಕೊತಾರೆ?" ಪೂಜ್ಯರು ಸಮಾಧಾನ ಹೇಳುತ್ತಾರೆ. ಆದರೆ ಸಮಾಧಾನದ ಮಾತು ಆ ಪ್ರಶ್ನೆಗೆ ಉತ್ತರವಲ್ಲವೆಂಬುದನ್ನು ಪೂಜ್ಯರೇ ಅನೇಕ ಬಾರಿ ನಮ್ಮೊಡನೆ ಹೇಳಿದ್ದಾರೆ. ಉತ್ತರದ ಒಂದು ಭಾಗವನ್ನಾದರೂ ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪದಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಓದುವಲ್ಲಿ, ಬರೆಯುವಲ್ಲಿ ಅಥವಾ ಲೆಕ್ಕ ಮಾಡುವಲ್ಲಿ ಮಾತ್ರ ತೊಡಕಿದ್ದು, ಉಳಿದಂತೆ ಬುದ್ಧಿಶಕ್ತಿ ಎಲ್ಲರಂತೆಯೇ ಇರುವ ಸ್ಥಿತಿಗೆ ನಮ್ಮಲ್ಲಿ ಕಲಿಕಾ ನ್ಯೂನತೆ ಎನ್ನುತ್ತಾರೆ. ವಿಷಯಗಳನ್ನು ಗ್ರಹಿಸುವಲ್ಲಿ, ವಿವೇಚಿಸುವಲ್ಲಿ ಮತ್ತು ದಿನನಿತ್ಯದ ವ್ಯವಹಾರಗಳಿಗೆ ಹೊಂದಿಕೊಳ್ಳುವಲ್ಲಿ ಬಾಲ್ಯದಿಂದಲೇ ಕಂಡುಬರುವ ಮಿತಿ ಬೌದ್ಧಿಕ ವಿಕಲತೆ. ಬ್ರಿಟನ್ನಿನಲ್ಲಿ ಈ ಎರಡನೆಯದಕ್ಕೇ 'ಲರ್ನಿಂಗ್ ಡಿಸೆಬಿಲಿಟಿ' ಎಂಬ ಹೆಸರಿರುವುದರಿಂದ ಅನುವಾದಗಳಲ್ಲಿ ಎರಡೂ ಕಲಸಿಹೋಗುತ್ತವೆ. ನಾವು ಇಲ್ಲಿ ಬರೆಯುತ್ತಿರುವುದು ಬೌದ್ಧಿಕ ವಿಕಲತೆಯುಳ್ಳ ವಯಸ್ಕರನ್ನು ಕುರಿತು. ಇದು ಮಾನಸಿಕ ಕಾಯಿಲೆಯಲ್ಲ. ಔಷಧಿಯಿಂದಾಗಲಿ ಹರಕೆಯಿಂದಾಗಲಿ ನೀಗುವಂಥದೂ ಅಲ್ಲ. ಮಠದ ಕಾರ್ಯದರ್ಶಿಯಾಗಿ ಈ ಮಾತನ್ನು ಬರೆಯುವಾಗ ನಮಗೆ ಸಂಕೋಚವಿಲ್ಲ. ಹರಕೆಗೆಂದು ಊರೂರು ಅಲೆದ ವರ್ಷಗಳು ಕಲಿಕೆಗೆ ದೊರೆತಿದ್ದರೆ ಎಂದು ಹಲುಬಿದ ಪಾಲಕರನ್ನು ನಾವು ಕಂಡಿದ್ದೇವೆ.

2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರ ಸಂಖ್ಯೆ ಸುಮಾರು 15 ಲಕ್ಷವೆಂದು ದಾಖಲಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ವರ್ಷದವರೆಗೆ ನೀಡುತ್ತದೆ. ತೊಡಕು ಆರಂಭವಾಗುವುದು ಅಲ್ಲಿಂದಲೇ. ವಿಶೇಷ ಶಾಲೆಯ ಬಾಗಿಲು ಮುಚ್ಚುತ್ತದೆ. ಬೇರೊಂದು ಬಾಗಿಲು ಬಹುತೇಕ ಊರುಗಳಲ್ಲಿ ಇಲ್ಲ. ಬೆಳಗ್ಗೆ ಚೀಲ ಹಿಡಿದು ಹೊರಡುತ್ತಿದ್ದ ಹುಡುಗ ಮನೆಯ ಮೂಲೆಯಲ್ಲಿ ಟಿ.ವಿ. ಮುಂದೆ ಕುಳಿತುಬಿಡುತ್ತಾನೆ. ಬಳಸದ ಕತ್ತಿಗೆ ತುಕ್ಕು ಹಿಡಿಯುವಂತೆ, ಹತ್ತು ವರ್ಷ ಶ್ರಮಪಟ್ಟು ಕಲಿತದ್ದು ಎರಡು ಮೂರು ವರ್ಷಗಳಲ್ಲಿ ಮರೆತುಹೋಗುತ್ತದೆ. ವಯಸ್ಕರಿಗಾಗಿ ನಡೆಯುವ ಜೀವನ ಕೌಶಲ ಹಾಗೂ ಸೃಜನಶೀಲ ಕಾರ್ಯಾಗಾರಗಳ ಅಗತ್ಯವಿರುವುದು ಈ ಹಂತದಲ್ಲಿ.

ಕಾರ್ಯಾಗಾರವೆಂದೊಡನೆ ಒಂದು ದಿನದ ಶಿಬಿರ, ವೇದಿಕೆ, ಹಣ್ಣುಹಂಪಲು ವಿತರಣೆ, ಫೋಟೋ ಇವು ಕಣ್ಣಮುಂದೆ ಬರುತ್ತವೆ. ನಮ್ಮಂಥ ಮಠಗಳೂ ಅದನ್ನೇ ಮಾಡುತ್ತ ಬಂದಿವೆ. ಅದರಿಂದ ಕಲಿಕೆಯಾಗದು. ವಾರಕ್ಕೆರಡು ದಿನವಾದರೂ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ತಿಂಗಳುಗಟ್ಟಲೆ ನಡೆದರೆ ಮಾತ್ರ ಅದು ಕಾರ್ಯಾಗಾರ.

ಅಲ್ಲಿ ಕಲಿಸುವ ರೀತಿಯೇ ಬೇರೆ. ನಮಗೆ ಒಂದೇ ಕೆಲಸವಾಗಿ ಕಾಣುವುದು ವಾಸ್ತವವಾಗಿ ಹತ್ತಾರು ಕೆಲಸಗಳ ಸರಪಳಿ. ಅಂಗಿ ತೊಡುವುದನ್ನೇ ನೋಡೋಣ: ಒಳಗು ಹೊರಗು ಗುರುತಿಸಬೇಕು, ಒಂದು ತೋಳು ತೂರಿಸಬೇಕು, ಬೆನ್ನ ಹಿಂದಿನಿಂದ ಇನ್ನೊಂದು ತೋಳನ್ನು ಹುಡುಕಬೇಕು, ಅಂಚುಗಳನ್ನು ಸಮ ಮಾಡಬೇಕು, ಆಮೇಲೆ ಒಂದೊಂದೇ ಗುಂಡಿ. ಶಿಕ್ಷಕರು ಇಂಥ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ಕಲಿಸುವುದು ಕೊನೆಯಿಂದ. ಎಲ್ಲವನ್ನೂ ತಾವೇ ಮಾಡಿ, ಕಡೆಯ ಗುಂಡಿಯೊಂದನ್ನು ಮಾತ್ರ ಕಲಿಯುವವನಿಗೆ ಬಿಡುತ್ತಾರೆ. ಅವನು ಗುಂಡಿ ಹಾಕಿದೊಡನೆ ಅಂಗಿ ತೊಟ್ಟಾಯಿತು. ಕೆಲಸ ಮುಗಿಸಿದವನು ಅವನೇ. ಅದು ಕೈಗೆ ಹತ್ತಿದ ಮೇಲೆ ಕಡೆಯ ಎರಡು ಗುಂಡಿ, ಆನಂತರ ಮೂರು. ಮೊದಲಿನಿಂದ ಕಲಿಸಿದರೆ ಅರ್ಧದಲ್ಲಿ ಸೋತು ಕೈಬಿಡುವವನು, ಹೀಗೆ ಕಲಿಸಿದಾಗ ದಿನವೂ ಗೆಲ್ಲುತ್ತಾನೆ. ಮನೆಯಲ್ಲಿ ಇದಕ್ಕೆ ಅಡ್ಡಿಯಾಗುವುದು ನಮ್ಮ ಅವಸರ. ಹೊತ್ತಾಯಿತೆಂದು ತಾಯಿ ತಾನೇ ಗುಂಡಿ ಹಾಕಿಬಿಡುತ್ತಾಳೆ. ಇಪ್ಪತ್ತು ವರ್ಷದ ನಂತರವೂ ಅವಳೇ ಹಾಕುತ್ತಿರುತ್ತಾಳೆ.

ಹಣದ ವ್ಯವಹಾರವನ್ನು ಅಂಕಿ ಬಾರದವರಿಗೂ ಬಣ್ಣದ ಮೂಲಕ ಕಲಿಸಬಹುದು. 50ರ ನೋಟು ನೀಲಿ, 100 ತಿಳಿನೇರಳೆ, 500 ಬೂದು. 20 ಮತ್ತು 200ರ ನೋಟುಗಳೆರಡರಲ್ಲೂ ಹಳದಿಯ ಛಾಯೆ ಇರುವುದರಿಂದ ಅಲ್ಲಿ ಎಡವುತ್ತಾರೆ. ಅವನ್ನು ಅಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಿಸಬೇಕಾಗುತ್ತದೆ. ಉಳಿಕೆ ಚಿಲ್ಲರೆಯ ಲೆಕ್ಕ ಬಾರದಿದ್ದರೂ ಅಂಗಡಿಯಲ್ಲಿ ಕೈನೀಡಿ ಕಾಯಬೇಕೆಂಬುದು ಬಂದರೆ ಅರ್ಧ ಗೆದ್ದಂತೆ. ಬೀದಿಯ ಅಂಗಡಿಗೆ ಒಬ್ಬನೇ ಹೋಗಿ ಹಾಲು ತರುವುದು, ಬಸ್ಸಿನ ನಂಬರು ಗುರುತಿಸುವುದು, ಮನೆಯವರ ಫೋನ್ ನಂಬರು ಹೇಳುವುದು ಇದೇ ಬಗೆಯ ಕಲಿಕೆಗಳು.

ಇನ್ನೊಂದನ್ನು ಮರೆಮಾಚದೆ ಹೇಳಬೇಕು. ಯಾರು ಮೈ ಮುಟ್ಟಬಹುದು, ಯಾರು ಮುಟ್ಟಬಾರದು, ಬೇಡವೆನಿಸಿದಾಗ 'ಬೇಡ' ಎಂದು ಕೂಗಿ ಹೇಳುವುದು ಹೇಗೆ, ಆಮೇಲೆ ಯಾರಿಗೆ ತಿಳಿಸಬೇಕು ಎಂಬುದನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕಲಿಸಲೇಬೇಕು. ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದನ್ನಷ್ಟೇ ಕಲಿತವರು ಕೇಡಿಗರ ಮುಂದೆಯೂ ತಲೆಯಾಡಿಸುತ್ತಾರೆ.

ಸೃಜನಶೀಲ ಕೆಲಸದ ಸ್ವರೂಪ ಬೇರೆ. ಗುಂಡಿ ಹಾಕುವುದರಲ್ಲಿ ಸರಿ ತಪ್ಪುಗಳುಂಟು. ಬಣ್ಣ, ಜೇಡಿಮಣ್ಣು, ದಾರ, ತಾಳಗಳಲ್ಲಿ ಹಾಗಿಲ್ಲ. ಜೀವನವಿಡೀ 'ತಪ್ಪು' ಎಂಬ ಮಾತನ್ನೇ ಕೇಳಿದವರಿಗೆ ಅಲ್ಲಿ ತಮ್ಮದೇ ಆಯ್ಕೆ ದೊರೆಯುತ್ತದೆ. ಅಮೆರಿಕದ ಜುಡಿತ್ ಸ್ಕಾಟ್ ಅವರ ಜೀವನ ಇದಕ್ಕೆ ಪ್ರಸಿದ್ಧ ನಿದರ್ಶನ. 1943ರಲ್ಲಿ ಅವಳಿ ಮಕ್ಕಳಲ್ಲಿ ಒಬ್ಬರಾಗಿ ಜನಿಸಿದ ಅವರಿಗೆ ಡೌನ್ ಸಿಂಡ್ರೋಮ್ ಇತ್ತು. ಕಿವಿಯೂ ಕೇಳಿಸುತ್ತಿರಲಿಲ್ಲ, ಅದನ್ನು ಯಾರೂ ಗುರುತಿಸದೆ, ಕಲಿಸಲು ಬಾರದವಳೆಂದು ತೀರ್ಮಾನಿಸಿದರು. ಏಳನೆಯ ವಯಸ್ಸಿಗೆ ಆಶ್ರಯಸಂಸ್ಥೆಯನ್ನು ಸೇರಿ 35 ವರ್ಷ ಅಂಥಲ್ಲಿಯೇ ಕಳೆದರು. ಅವಳಿ ಸೋದರಿ ಜಾಯ್ಸ್ ಅವರನ್ನು ತಮ್ಮ ಜವಾಬ್ದಾರಿಗೆ ತೆಗೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಕರೆತಂದು, ಓಕ್‌ಲ್ಯಾಂಡಿನ 'ಕ್ರಿಯೇಟಿವ್ ಗ್ರೋತ್' ಎಂಬ ಕಲಾಕೇಂದ್ರಕ್ಕೆ ಸೇರಿಸಿದರು. 1974ರಲ್ಲಿ ವಿಕಲಚೇತನ ವಯಸ್ಕರಿಗಾಗಿಯೇ ಆರಂಭವಾದ ಕೇಂದ್ರವದು. ಮೊದಲ ದಿನಗಳಲ್ಲಿ ಜುಡಿತ್ ಯಾವುದರಲ್ಲಿಯೂ ಆಸಕ್ತಿ ತೋರಲಿಲ್ಲ. ಎರಡು ವರ್ಷದ ಹತ್ತಿರಕ್ಕೆ ಬಂದಾಗ, ದಾರದ ಕೆಲಸ ಕಲಿಸಲು ಬಂದ ಕಲಾವಿದೆಯ ತರಗತಿಯಲ್ಲಿ ಕಡ್ಡಿಗಳಿಗೆ ದಾರ ಸುತ್ತಲಾರಂಭಿಸಿದವರು 2005ರಲ್ಲಿ ತೀರಿಕೊಳ್ಳುವವರೆಗೂ ಸುತ್ತುವುದನ್ನು ನಿಲ್ಲಿಸಲಿಲ್ಲ. ಅವರ ಕೃತಿಗಳ ಪ್ರದರ್ಶನ 2014ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಏರ್ಪಟ್ಟಿತು. ಎಲ್ಲರೂ ಜುಡಿತ್ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ಫಲ ಕಾಣದಿದ್ದರೂ ಆ ಕೇಂದ್ರದವರು ಅವರನ್ನು ಹೊರಗೆ ಕಳುಹಿಸದೆ ಅಷ್ಟು ಕಾಲ ಕಾದರಲ್ಲ, ಆ ತಾಳ್ಮೆಯನ್ನು ನೋಡಬೇಕು.

ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರ ಕಾಯಕವನ್ನೂ, ಅಕ್ಕಿ ಆಯ್ದ ಮಾರಯ್ಯ ಲಕ್ಕಮ್ಮನವರ ಕಾಯಕವನ್ನೂ ನಾವು ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಆದರೆ ನಮ್ಮದೇ ದಾಸೋಹದ ಮನೆಯಲ್ಲಿ ನಡೆದುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮೇಲೆ ಹೇಳಿದಂಥ ತಾಯಿಯೊಬ್ಬರ ಮಗ, ಮೂವತ್ತು ದಾಟಿದವನು, ಪಂಕ್ತಿಯಲ್ಲಿ ಬಡಿಸಲು ನೀರಿನ ಜಗ್ಗನ್ನು ಕೈಗೆತ್ತಿಕೊಂಡ. ನಾವೇ ಅದನ್ನು ಅವನ ಕೈಯಿಂದ ಬಿಡಿಸಿ, ಬೆನ್ನು ತಟ್ಟಿ, "ನೀನು ದೇವರ ಮಗು, ಕೂತ್ಕೋ ಅಪ್ಪಾ" ಎಂದೆವು. ಪ್ರೀತಿಯಿಂದಲೇ ಹೇಳಿದ್ದು. ಅವನು ಕುಳಿತ; ಊಟ ಮಾಡಲಿಲ್ಲ. ಮೂವತ್ತರ ಗಂಡಸನ್ನು ಮಗುವೆಂದು ಕರೆದು ಅವನ ಕೈಯ ಕಾಯಕವನ್ನು ಕಿತ್ತುಕೊಂಡೆವೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ತಾಯಂದಿರ ಪ್ರಶ್ನೆಗೆ ಕಾನೂನಿನ ಕಡೆಯಿಂದಲೂ ಒಂದಿಷ್ಟು ನೆರವಿದೆ. ಮಗನಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಪೋಷಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕು, ಆಸ್ತಿಯ ವಿಚಾರ ಬಂದಾಗ ಹೆಚ್ಚಿನವರಿಗೆ ಇದು ತಿಳಿಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಅದೇ ನ್ಯಾಸದ 'ನಿರಾಮಯ' ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು. ಇವೆರಡನ್ನೂ ತಂದೆತಾಯಿ ಗಟ್ಟಿಯಾಗಿರುವಾಗಲೇ ಮಾಡಿಸಿಡುವುದು ಲೇಸು. ಆದರೆ ಕಾಗದಪತ್ರ ಪೋಷಕರನ್ನು ಕೊಡಬಲ್ಲದೇ ಹೊರತು ಕೌಶಲವನ್ನಲ್ಲ. ತನ್ನ ಸ್ನಾನ, ಬಟ್ಟೆ, ಊಟವನ್ನು ತಾನೇ ನೋಡಿಕೊಳ್ಳಬಲ್ಲ ತಮ್ಮನನ್ನು ಮನೆಗೆ ಕರೆದುಕೊಳ್ಳಲು ಅಕ್ಕನಿಗೂ ಧೈರ್ಯ ಬರುತ್ತದೆ.

ಆ ನೀರಿನ ಜಗ್ಗು ಈಗ ಅವನದೇ. ತುಂಬಿದ ಜಗ್ಗನ್ನು ಎತ್ತುವುದು, ಲೋಟದ ಅಂಚಿಗೆ ತಾಗಿಸದೆ ಹಿಡಿಯುವುದು, ಮುಕ್ಕಾಲಿಗೆ ನಿಲ್ಲಿಸುವುದು ಇಷ್ಟನ್ನು ಕಲಿಯಲು ಏಳು ಅಮಾವಾಸ್ಯೆ ಹಿಡಿಯಿತು. ಎಲೆಗಳ ಮೇಲೆ ನೀರು ಚೆಲ್ಲಿದ್ದುಂಟು, ಹಿರಿಯರೊಬ್ಬರು ಸಿಡುಕಿದ್ದೂ ಉಂಟು. ಕಳೆದ ಬಾರಿ ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ತಾಯಿಯ ಲೋಟಕ್ಕೆ ನೀರೆರೆದು, ಎಲ್ಲರನ್ನೂ ಕೇಳುವಂತೆಯೇ ಅವರನ್ನೂ "ಸಾಕಾ?" ಎಂದು ಕೇಳಿ ಮುಂದಿನ ಸಾಲಿಗೆ ಹೊರಟ.